125 ಅಂಕದ ಕುರ್ಚಿ

ಎಂಟನೇ ತರಗತಿಯ ಪ್ರವೇಶ ಶುರುವಾದಾಗ ಹುಬ್ಬಳ್ಳಿಯ ಹೈಸ್ಕೂಲಿನ ಆಫೀಸಿನ ಮುಂದೆ ಹತ್ತು ನಿಮಿಷ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಸರ್, ಫಸ್ಟ್ ಲ್ಯಾಂಗ್ವೇಜ್ ಯಾವ್ದು ತಗೊಂಡ್ರ ಮಾರ್ಕ್ಸ್ ಜಾಸ್ತಿ ಬರ್ತಾವ್ರೀ?’ ಮಗಳಿಗೆ ಯಾವ ಭಾಷೆ ಇಷ್ಟ, ಯಾವುದರಲ್ಲಿ ಅವಳು ಓದುತ್ತಾಳೆ, ಬರೆಯುತ್ತಾಳೆ ಅಂತ ಯಾರೂ ಕೇಳುವುದಿಲ್ಲ. ಪಾಲಕರದೇನೂ ತಪ್ಪಿಲ್ಲ ಬಿಡಿ. ಲೆಕ್ಕವೇ ಹಾಗಿದೆ.

ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಅದರಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಕನ್ನಡ ಮಾಧ್ಯಮದ ಹುಡುಗನಿಗೆ ಸಾಮಾನ್ಯವಾಗಿ ಕನ್ನಡ ಪ್ರಥಮ, ಇಂಗ್ಲಿಷ್ ದ್ವಿತೀಯ, ಹಿಂದಿ ತೃತೀಯ. ಇಂಗ್ಲಿಷ್ ಮಾಧ್ಯಮದಲ್ಲಿ ಇಂಗ್ಲಿಷ್ ಮೇಲೇರುತ್ತದೆ, ಕನ್ನಡ ಎರಡನೆಯದಾಗುತ್ತದೆ. ಮೂರನೆಯದು ಹಿಂದಿ ಅಥವಾ ಸಂಸ್ಕೃತ. ಉರ್ದು ಶಾಲೆಯ ಹುಡುಗಿಗೆ ಮೊದಲು ಉರ್ದು, ಆಮೇಲೆ ಇಂಗ್ಲಿಷ್, ಕೊನೆಗೆ ಕನ್ನಡ. ಒಂದೇ ಓಣಿಯ ಮೂರು ಮಕ್ಕಳು, ಮೂರು ಬೇರೆ ಜೋಡಣೆ. ಇಂಗ್ಲಿಷ್ ಯಾವ ಕುರ್ಚಿಯಲ್ಲಿ ಕೂತಿದೆ ಅನ್ನುವುದರ ಮೇಲೆ ಪುಸ್ತಕವೂ ಬದಲಾಗುತ್ತದೆ, ಪ್ರಶ್ನೆಪತ್ರಿಕೆಯೂ ಬದಲಾಗುತ್ತದೆ. ಕನ್ನಡಕ್ಕೂ ಇದೇ ಮಾತು: ಪ್ರಥಮ ಭಾಷೆಯ ಪುಸ್ತಕಕ್ಕೆ ‘ಸಿರಿ ಕನ್ನಡ’ ಅಂತ ಹೆಸರು, ದ್ವಿತೀಯ ಭಾಷೆಯದಕ್ಕೆ ‘ತಿಳಿ ಕನ್ನಡ’.

ಈ ಕುರ್ಚಿ ಜಗಳಕ್ಕೆ ನಮ್ಮ ಭಾಗದಲ್ಲಿ ಬಹಳ ಹಳೆಯ ಬೇರಿದೆ. ಮೊದಲು ಜಗಳ ಇಂಗ್ಲಿಷಿನ ಜೊತೆ ಇರಲೂ ಇಲ್ಲ. ಮುಂಬಯಿ ಪ್ರಾಂತ್ಯದ ಧಾರವಾಡದಲ್ಲಿ ಮನೆಮಾತು ಕನ್ನಡವಾದರೂ ಶಾಲೆಯಲ್ಲಿ, ಕಚೇರಿಯಲ್ಲಿ ಮರಾಠಿಯದೇ ಜೋರು. ಹತ್ತೊಂಬತ್ತನೇ ಶತಮಾನದಲ್ಲಿ ಅದನ್ನು ತಿರುಗಿಸಿದವರಲ್ಲಿ ದೊಡ್ಡ ಹೆಸರು ಡೆಪ್ಯುಟಿ ಚೆನ್ನಬಸಪ್ಪನವರದು. ಪುಣೆಗೆ ಹೋಗಿ ಇಂಗ್ಲಿಷ್ ಕಲಿತು ಬಂದವರು. ಶಿಕ್ಷಣ ಇಲಾಖೆಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರ್ ಆಗಿ ಊರೂರಿನ ಕನ್ನಡ ಶಾಲೆಗೆ ಜೀವ ಕೊಟ್ಟರು. ಕಲಿತ ಇಂಗ್ಲಿಷನ್ನು ಶೇಕ್ಸ್‌ಪಿಯರನ ನಾಟಕವೊಂದನ್ನು ಕನ್ನಡಕ್ಕೆ ತರಲು ಬಳಸಿದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ ರಾ. ಹ. ದೇಶಪಾಂಡೆಯವರೂ ಇಂಗ್ಲಿಷಿನಲ್ಲೇ ಎಂ.ಎ. ತನಕ ಓದಿದವರು. ‘ಸಿರಿಗನ್ನಡಂ ಗೆಲ್ಗೆ’ ಅಂದವರು ಅವರೇ.

ನಮ್ಮ ಅಜ್ಜಿ ಹೈಸ್ಕೂಲಿಗೆ ಕೊನೆತನಕ ‘ಇಂಗ್ಲಿಷ್ ಸಾಲಿ’ ಅಂತಲೇ ಅನ್ನುತ್ತಿದ್ದಳು. ಏಳನೇ ಇಯತ್ತೆವರೆಗೆ ಕನ್ನಡ ಸಾಲಿ. ಮುಲ್ಕಿ ಪರೀಕ್ಷೆ ಪಾಸಾದರೆ ಮಾಸ್ತರಿಕೆ ಸಿಗುತ್ತಿತ್ತು, ಊರ ಲೆಕ್ಕ ನೋಡುವ ತಲಾಠಿ ಕೆಲಸ ಸಿಗುತ್ತಿತ್ತು. ಅದಕ್ಕಿಂತ ಮುಂದೆ ಹೋಗಬೇಕಾದರೆ ಇಂಗ್ಲಿಷ್ ಸಾಲಿ. ಆ ಹೆಸರು ಸುಮ್ನೆ ಬಂದದ್ದಲ್ಲ. ಸ್ವಾತಂತ್ರ್ಯ ಬಂದ ಹೊತ್ತಿಗೆ ಮುಂಬಯಿಯ ಖೇರ್ ಸರ್ಕಾರ ಕೆಳಗಿನ ಇಯತ್ತೆಗಳಿಂದ ಇಂಗ್ಲಿಷನ್ನು ತೆಗೆದು ಎಂಟನೆಯದಕ್ಕೆ ಒಯ್ದಿತು. ಅಂದರೆ ಧಾರವಾಡ ಜಿಲ್ಲೆಯ ಹುಡುಗ ಎಬಿಸಿಡಿ ತಿದ್ದುವ ಹೊತ್ತಿಗೆ ಅವನಿಗೆ ಹದಿಮೂರು ವರ್ಷ. ಅದೇ ಹೊತ್ತಿಗೆ ಮೈಸೂರು ಕಡೆಯ ಹುಡುಗರು ಆಗಲೇ ಇಂಗ್ಲಿಷಿನ ಕಥೆ ಓದುತ್ತಿದ್ದರು. 1956ರಲ್ಲಿ ರಾಜ್ಯ ಒಂದಾದ ಮೇಲೆ ‘ಬೆಂಗಳೂರು ಕಡೆಯವರಿಗೆ ಇಂಗ್ಲಿಷ್ ಚಲೋ ಬರ್ತದ’ ಅನ್ನುವ ನಮ್ಮ ಹಿಂಜರಿಕೆಗೆ ಇದೂ ಒಂದು ಕಾರಣ ಅಂತ ನನ್ನ ಎಣಿಕೆ.

ತಮಾಷೆ ಏನೆಂದರೆ, ಈ ಕಾಲದಲ್ಲಿ ಇಲ್ಲಿ ಶಾಲೆ ಕಲಿತವರೇ ಮುಂದೆ ಇಂಗ್ಲಿಷ್ ಪ್ರೊಫೆಸರ್ ಆದರು, ಅದೂ ಸಾಲುಸಾಲಾಗಿ. ಹಾವೇರಿ ಸೀಮೆಯ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲ (ಎಲ್ಲರ ಬಾಯಲ್ಲಿ ‘ಚಂಪಾ’), ಗದಗ ಸೀಮೆಯ ಅಬ್ಬಿಗೇರಿಯ ಗಿರಡ್ಡಿ ಗೋವಿಂದರಾಜ. ಇಬ್ಬರೂ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿದರು, ಬರೆದದ್ದು ಮಾತ್ರ ಕನ್ನಡದಲ್ಲಿ. ಹಿಂದಿ ಕಲಿಸುತ್ತಿದ್ದ ಸಿದ್ಧಲಿಂಗ ಪಟ್ಟಣಶೆಟ್ಟಿಯವರನ್ನು ಸೇರಿಸಿಕೊಂಡು ಮೂವರೂ 1964ರಲ್ಲಿ ‘ಸಂಕ್ರಮಣ’ ಅನ್ನುವ ಕನ್ನಡ ಪತ್ರಿಕೆ ಶುರುಮಾಡಿದರು. ಇಂಗ್ಲಿಷ್, ಇಂಗ್ಲಿಷ್, ಹಿಂದಿ, ಕೂಡಿಸಿದರೆ ಕನ್ನಡ! ದೆಹಲಿಯವರು 1968ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೊಳಗೆ ಬರೆದ ತ್ರಿಭಾಷಾ ಸೂತ್ರಕ್ಕಿಂತ ಧಾರವಾಡದ ಈ ಸೂತ್ರ ನನಗೆ ಹೆಚ್ಚು ಇಷ್ಟ.

ದೆಹಲಿಯ ಸೂತ್ರದಿಂದ ಹೈಸ್ಕೂಲಿಗೆ ಮೂರು ಕುರ್ಚಿ ಬಂದವು. ಮೊದಲನೆಯದರಲ್ಲಿ ಯಾರು ಕೂರಬೇಕು ಅನ್ನುವುದು ಎಪ್ಪತ್ತರ ದಶಕದ ಕೊನೆಗೆ ದೊಡ್ಡ ತಕರಾರಾಯಿತು. ಆಗ ಪ್ರಥಮ ಭಾಷೆಯಾಗಿ ಸಂಸ್ಕೃತ ತೆಗೆದುಕೊಂಡು, ಕನ್ನಡ ಮುಟ್ಟದೆಯೇ ಎಸ್ಸೆಸ್ಸೆಲ್ಸಿ ಮುಗಿಸಬಹುದಿತ್ತು. ಸಂಸ್ಕೃತ ಎಂಟನೇ ತರಗತಿಯಲ್ಲಿ ಅಕ್ಷರದಿಂದ ಶುರು. ಪರೀಕ್ಷೆಯಲ್ಲಿ ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದರೂ ನಡೆಯುತ್ತಿತ್ತು. ಅಂಕ ಮಾತ್ರ ಧಾರಾಳ. ಒಂದನೇ ತರಗತಿಯಿಂದ ಕನ್ನಡ ಓದಿದವನು ಹಳಗನ್ನಡದ ಪದ್ಯದಲ್ಲಿ ಒದ್ದಾಡುತ್ತಿದ್ದರೆ ಪಕ್ಕದವನು ಅದೇ ಕುರ್ಚಿಯ ಅಂಕವನ್ನು ಸಲೀಸಾಗಿ ಬಾಚುತ್ತಿದ್ದ. ಸಿಟ್ಟು ಬರುತ್ತದೆ, ಅಲ್ವಾ?

ಇದನ್ನು ಬಗೆಹರಿಸಲು 1980ರಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ಅಧ್ಯಕ್ಷರು ವಿನಾಯಕ ಕೃಷ್ಣ ಗೋಕಾಕ. ಹುಟ್ಟಿದ್ದು 1909ರಲ್ಲಿ, ಸವಣೂರಿನಲ್ಲಿ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಕಲಿತು ಬಂದವರು. ಹೈದರಾಬಾದಿನಲ್ಲಿ ದೇಶದ ಇಂಗ್ಲಿಷ್ ಶಿಕ್ಷಕರನ್ನು ತಯಾರು ಮಾಡುವ ಕೇಂದ್ರ ಸಂಸ್ಥೆಗೆ ನಿರ್ದೇಶಕರಾಗಿದ್ದವರು. ಹೀಗೆ ಜೀವಮಾನವೆಲ್ಲ ಇಂಗ್ಲಿಷ್ ಕಲಿಸಿದ ಮನುಷ್ಯ 1981ರ ಜನವರಿಯಲ್ಲಿ ಕೊಟ್ಟ ವರದಿ ಏನು ಹೇಳಿತು? ಹೈಸ್ಕೂಲಿನಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆ ಆಗಬೇಕು, ಅದಕ್ಕೆ ಉಳಿದವುಗಳಿಗಿಂತ ಹೆಚ್ಚು ಅಂಕ ಇರಬೇಕು.

ಸರ್ಕಾರ ವರದಿಯನ್ನು ಜಾರಿ ಮಾಡದೆ ಎಳೆದಾಡಿತು. ಧಾರವಾಡ ಬೀದಿಗಿಳಿಯಿತು. ವಿದ್ಯಾವರ್ಧಕ ಸಂಘ ಚಳವಳಿಯ ಮನೆಯಾಯಿತು. ಪಾಟೀಲ ಪುಟ್ಟಪ್ಪ, ಚಂಪಾ ಮುಂತಾದವರು ಮುಂದೆ ನಿಂತರು. 1982ರಲ್ಲಿ ರಾಜಕುಮಾರ್ ಬಂದ ಮೇಲೆ ಅದು ಸಾಹಿತಿಗಳ ಕೈದಾಟಿ ಇಡೀ ನಾಡಿನ ಜನರ ಚಳವಳಿಯಾಯಿತು. ಅದೇ ವರ್ಷ ಗುಂಡೂರಾವ್ ಸರ್ಕಾರ ಕನ್ನಡವನ್ನು ಪ್ರಥಮ ಭಾಷೆ ಮಾಡಿ ಆದೇಶ ಹೊರಡಿಸಿತು.

ಆಮೇಲಿನದು ಕೋರ್ಟಿನ ಕಥೆ. ಭಾಷಾ ಅಲ್ಪಸಂಖ್ಯಾತರು ಹೈಕೋರ್ಟಿಗೆ ಹೋದರು. ಎಲ್ಲರಿಗೂ ಕನ್ನಡವೇ ಏಕೈಕ ಪ್ರಥಮ ಭಾಷೆ ಅನ್ನುವುದು 1989ರಲ್ಲಿ ಬಿದ್ದುಹೋಯಿತು. ಮುಂದೆ ಪ್ರಾಥಮಿಕ ಶಾಲೆಯ ಕಲಿಕೆಯ ಮಾಧ್ಯಮದ ಜಗಳ ಶುರುವಾಗಿ, 1994ರ ಸರ್ಕಾರದ ಭಾಷಾ ನೀತಿಯನ್ನು ದಾಟಿ, 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಮಾತೃಭಾಷೆಯಲ್ಲೇ ಕಲಿಸಿ ಅಂತ ಸರ್ಕಾರ ಒತ್ತಾಯಿಸುವಂತಿಲ್ಲ ಅಂತ ತೀರ್ಪು ಬಂತು. ಅಷ್ಟರಲ್ಲಿ ಇಂಗ್ಲಿಷ್ ಕೆಳಗಿನ ತರಗತಿಗೂ ಇಳಿದಿತ್ತು. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿ ಶಿಕ್ಷಣ ಸಚಿವರಾಗಿದ್ದಾಗ ಸರ್ಕಾರಿ ಕನ್ನಡ ಶಾಲೆಯ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷಿನಲ್ಲಿ ನಡೆಸುತ್ತಿದ್ದ ಶಾಲೆಗಳ ಮಾನ್ಯತೆ ರದ್ದು ಮಾಡಲು ಹೊರಟವರೂ ಅವರೇ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದರು ಅಂತ ಆಗ ಬೈದವರಿದ್ದರು. ಎರಡೂ ಒಟ್ಟಿಗೆ ಸರಿ ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಆದರೆ ಇಷ್ಟು ವರ್ಷಗಳ ಜಗಳದಲ್ಲಿ ಒಂದು ವಿಷಯವನ್ನು ಯಾರೂ ಅಷ್ಟಾಗಿ ಎತ್ತಲಿಲ್ಲ. ಕುರ್ಚಿ ಯಾವುದಾದರೂ ಇರಲಿ, ಅದರಲ್ಲಿ ಕೂತ ಭಾಷೆಯನ್ನು ತರಗತಿಯೊಳಗೆ ಹೇಗೆ ಕಲಿಸುತ್ತಾರೆ?

ಹಾವೇರಿ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಸರ್ ಅವರೇ ಇಂಗ್ಲಿಷಿಗೂ ಬರುತ್ತಿದ್ದರು. ಒಂದು ಸಾಲು ಓದುವುದು, ಅದರ ಅರ್ಥವನ್ನು ಕನ್ನಡದಲ್ಲಿ ಹೇಳುವುದು, ಮತ್ತೊಂದು ಸಾಲು. ಪಾಠ ಮುಗಿದ ಮೇಲೆ ಪ್ರಶ್ನೋತ್ತರ ಬರೆಸುವುದು. ನಾವು ಅದನ್ನು ಉರು ಹೊಡೆಯುವುದು. ಜ್ವರ ಬಂದಿದೆ ಅಂತ ರಜಾ ಅರ್ಜಿ ಬರೆಯಲು ಎಲ್ಲರಿಗೂ ಬರುತ್ತಿತ್ತು. ಜ್ವರದ ಬದಲು ಹೊಟ್ಟೆನೋವು ಅಂತ ಬರೆಯಲು ಹೇಳಿದ್ದರೆ ಅರ್ಧ ಕ್ಲಾಸು ಪೆನ್ನು ಕೆಳಗಿಡುತ್ತಿತ್ತು. ಹೀಗೆ ಇಂಗ್ಲಿಷ್ ನಮಗೆ ಮಾತಾಡುವ ಭಾಷೆಯಾಗಲಿಲ್ಲ, ಒಂದು ಪೇಪರ್ ಆಯಿತು.

ಈಗಿನ ಪ್ರಶ್ನೆಪತ್ರಿಕೆ ಆಗಿನಷ್ಟು ಕೆಟ್ಟದ್ದೇನಲ್ಲ. ದ್ವಿತೀಯ ಭಾಷೆ ಇಂಗ್ಲಿಷಿನಲ್ಲಿ 80 ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಚಿತ್ರ ನೋಡಿ ಬರೆಯುವುದು ಇದೆ, ಸುಳಿವು ಹಿಡಿದು ಕಥೆ ಬೆಳೆಸುವುದು ಇದೆ, ಕೊಟ್ಟ ವಿವರದಿಂದ ಒಬ್ಬರ ಪರಿಚಯ ಬರೆಯುವುದು ಇದೆ. ಇವೆಲ್ಲ ಮಗು ತಾನೇ ವಾಕ್ಯ ಕಟ್ಟಲಿ ಅಂತ ಇಟ್ಟ ಪ್ರಶ್ನೆಗಳು. ಆದರೆ ನಮ್ಮ ಗೈಡುಗಳು ಅವಕ್ಕೂ ಅಚ್ಚು ತಯಾರು ಮಾಡಿವೆ. ಯಾವ ಚಿತ್ರ ಬಂದರೂ ಹೊಂದುವ ನಾಲ್ಕು ವಾಕ್ಯ!

ಕಳೆದ ದೀಪಾವಳಿಗೆ ಸವಣೂರಿಗೆ ಹೋಗಿದ್ದೆ. ತಮ್ಮನ ಮಗಳು ಹತ್ತನೇ ತರಗತಿ, ಕನ್ನಡ ಮಾಧ್ಯಮ. ಇಂಗ್ಲಿಷ್ ಪುಸ್ತಕ ತೆರೆದುಕೊಂಡು ಪದ್ಯದ ಸಾರಾಂಶ ಬಾಯಿಪಾಠ ಮಾಡುತ್ತಿದ್ದಳು. ಕವಿ ತಾಯ್ನಾಡಿನ ಜೊತೆ ಮಾತಾಡುವ ಪದ್ಯ. ಮೇಲೆ ಹೆಸರು ನೋಡಿದೆ: ವಿ. ಕೆ. ಗೋಕಾಕ. ಇಂಗ್ಲಿಷನ್ನು ಎರಡನೇ ಕುರ್ಚಿಗೆ ಕೂರಿಸಿ ಅಂದವರು ಅದೇ ಎರಡನೇ ಕುರ್ಚಿಯ ಪುಸ್ತಕದಲ್ಲಿ, ತಾವು ಬರೆದ ಇಂಗ್ಲಿಷ್ ಪದ್ಯದ ಜೊತೆ ಕೂತಿದ್ದರು.

‘ಇವರು ಯಾವ ಊರಿನವರು ಗೊತ್ತೇನ?’ ಅಂದೆ.

‘ಅದು ಎಕ್ಸಾಮಿಗೆ ಬರೂದಿಲ್ಲ ದೊಡ್ಡಪ್ಪ’ ಅಂದಳು.