ಮೌಂಟ್ ಲೋ ರೈಲು: ಹಳಿ ಕಿತ್ತ ಮೇಲೆ ಉಳಿದದ್ದೇನು?

ಪ್ರಶ್ನೆ: ಲಾಸ್ ಏಂಜಲೀಸ್ ಹತ್ತಿರದ ಬೆಟ್ಟದಲ್ಲಿ ಹಿಂದೆ ಮೌಂಟ್ ಲೋ ಎಂಬ ಪ್ರವಾಸಿ ರೈಲು ಓಡುತ್ತಿತ್ತಂತೆ. ಈಗ ಹೋದರೆ ನೋಡಲು ಏನಾದರೂ ಸಿಗುತ್ತದೆಯೇ?

ಉತ್ತರ: ಬೋಗಿಯಿಲ್ಲ, ಹೋಟೆಲಿಲ್ಲ. ಇರುವುದು ರೈಲು ಓಡಿದ ದಾರಿ. ಅಲ್ಲಿ ನೋಡಬೇಕಾದದ್ದೂ ಅದೇ ಎಂದು ನನಗನ್ನಿಸುತ್ತದೆ.

ಇದಕ್ಕೆ ದುಡ್ಡು ಸುರಿದವನು ಥಡಿಯಸ್ ಲೋ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯಕ್ಕಾಗಿ ಬಲೂನು ಹಾರಿಸಿದವನು. ದಾರಿ ಹುಡುಕಿದವನು ಎಂಜಿನಿಯರ್ ಡೇವಿಡ್ ಮ್ಯಾಕ್‌ಫರ್ಸನ್. 1893ರ ಜುಲೈ 4ರಂದು ರೈಲು ಶುರುವಾಯಿತು. ರೂಬಿಯೋ ಕಣಿವೆಯಿಂದ ಎಕೋ ಮೌಂಟನ್ ತುದಿಗೆ ಏರು ಎಷ್ಟು ಕಡಿದೆಂದರೆ, ಕೆಲವು ಕಡೆ ನೂರು ಅಡಿ ಮುಂದೆ ಹೋಗುವಷ್ಟರಲ್ಲಿ 62 ಅಡಿ ಮೇಲೇರಬೇಕು. ಹಾಗಾಗಿ ಅಲ್ಲಿ ಎರಡು ಬೋಗಿಗಳನ್ನು ಒಂದೇ ಹಗ್ಗಕ್ಕೆ ಕಟ್ಟಿದ್ದರು; ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದಂತೆ ಒಂದು ಇಳಿದರೆ ಇನ್ನೊಂದು ಏರುತ್ತಿತ್ತು. ಮೋಟಾರು ಎಳೆಯಬೇಕಾದದ್ದು ಎರಡರ ತೂಕದ ವ್ಯತ್ಯಾಸವನ್ನಷ್ಟೇ. ಹಳಿ ಮೂರೇ, ಎದುರುಬದುರಾಗುವ ನಡುಮಧ್ಯದಲ್ಲಿ ಮಾತ್ರ ನಾಲ್ಕು. ಆ ಹಗ್ಗವನ್ನು ತಿರುಗಿಸುತ್ತಿದ್ದ ದೈತ್ಯ ಕಬ್ಬಿಣದ ಚಕ್ರ ಎಕೋ ಮೌಂಟನ್ ಮೇಲೆ ಈಗಲೂ ಬಿದ್ದುಕೊಂಡಿದೆ. ಪಕ್ಕದಲ್ಲಿ ಹೋಟೆಲಿನ ಮೆಟ್ಟಿಲು, ತಳಪಾಯ. ಕಣಿವೆಗೆ ಕೂಗಿ ಮಾರ್ದನಿ ಕೇಳಲು ಒಂದು ಕಹಳೆ.

ಉಳಿದದ್ದನ್ನೆಲ್ಲ ಬೆಂಕಿ, ನೀರು ಹಂಚಿಕೊಂಡವು. 1900ರಲ್ಲಿ ದೊಡ್ಡ ಹೋಟೆಲ್ ಸುಟ್ಟಿತು. 1905ರಲ್ಲಿ ಗುಡ್ಡದ ಮೇಲಿನ ಬಹುಪಾಲು ಕಟ್ಟಡಗಳು. 1936ರಲ್ಲಿ ಇನ್ನೂ ಮೇಲಿದ್ದ ಆಲ್ಪೈನ್ ಟ್ಯಾವರ್ನ್ ಎಂಬ ಹೋಟೆಲ್. 1938ರ ಪ್ರವಾಹ ರೈಲಿನ ಕಥೆಯನ್ನೇ ಮುಗಿಸಿತು. ಅಷ್ಟು ಹೊತ್ತಿಗೆ ಲೋ ಕೈಯಿಂದ ಅದು ಜಾರಿ ಪೆಸಿಫಿಕ್ ಎಲೆಕ್ಟ್ರಿಕ್ ಎಂಬ ರೈಲು ಕಂಪನಿಗೆ ಸೇರಿ ದಶಕಗಳಾಗಿದ್ದವು. ಜನರ ಹತ್ತಿರ ಕಾರುಗಳಿದ್ದವು. ಮತ್ತೆ ಕಟ್ಟುವ ಉಮೇದು ಯಾರಿಗಿರುತ್ತದೆ? ಕಬ್ಬಿಣ ಗುಜರಿಗೆ ಹೋಯಿತು.

ಬಂಡೆ ಕಡಿದು ಮಾಡಿದ ದಾರಿಯನ್ನು ಗುಜರಿಗೆ ಹಾಕಲಾಗುವುದಿಲ್ಲವಲ್ಲ! ಎಕೋ ಮೌಂಟನ್‌ನಿಂದ ಟ್ಯಾವರ್ನ್‌ವರೆಗಿನ ಭಾಗದಲ್ಲಿ ಹಗ್ಗವಿಲ್ಲದೆ, ವಿದ್ಯುತ್ತಿನ ಟ್ರಾಲಿ ಬೋಗಿ ತನ್ನ ಬಲದಿಂದಲೇ ಹತ್ತಬೇಕಿತ್ತು. ಅದಕ್ಕಾಗಿ ಮ್ಯಾಕ್‌ಫರ್ಸನ್ ಏರನ್ನು ನೂರಕ್ಕೆ ಏಳರೊಳಗೆ ಹಿಡಿದಿಟ್ಟು, ತಿರುವಿನ ಮೇಲೆ ತಿರುವು ಕೊಟ್ಟ. ಈಗ ಅಲ್ಲಿ ನಡೆಯುವವರಿಗೆ ಅದರ ಲಾಭ ಸಿಗುತ್ತಿದೆ: ಕೆಳಗಿನ ಆಲ್ಟಡೀನಾದಿಂದ ಸ್ಯಾಮ್ ಮೆರಿಲ್ ಕಾಲುದಾರಿಯಲ್ಲಿ ಏದುಸಿರು ಬಿಟ್ಟು ಬಂದವರು, ರೈಲುದಾರಿ ಸೇರಿದ ಕೂಡಲೇ ಮಾತಾಡುತ್ತಾ ನಡೆಯಬಹುದು. ವೃತ್ತಾಕಾರದ ಸೇತುವೆಯಿದ್ದಲ್ಲಿ ಅದರ ಬುಡದ ಕಾಂಕ್ರೀಟು ಕಾಣುತ್ತದೆ. ಗ್ರಾನೈಟ್ ಗೇಟ್‌ನಲ್ಲಿ ಬೋಗಿ ತೂರುವಷ್ಟೇ ಅಗಲಕ್ಕೆ ಬಂಡೆ ಸೀಳಿದ್ದಾರೆ. ಟ್ಯಾವರ್ನ್ ಇದ್ದ ಜಾಗ ಈಗ ಡೇರೆ ಹಾಕುವ ತಾಣ. ಮುಂದೆ ಇನ್‌ಸ್ಪಿರೇಷನ್ ಪಾಯಿಂಟ್‌ನ ಚಾವಣಿಯನ್ನು ಸ್ವಯಂಸೇವಕರು ಮತ್ತೆ ಕಟ್ಟಿದ್ದಾರೆ. ಅಲ್ಲಿನ ಕೊಳವೆಗಳಲ್ಲಿ ಕಣ್ಣಿಟ್ಟರೆ ಕೆಳಗಿನ ಊರುಗಳನ್ನು ಒಂದೊಂದಾಗಿ ಗುರುತಿಸಬಹುದು.

ಹಗ್ಗದ ಬೋಗಿಗಳು ಓಡುತ್ತಿದ್ದ ಕಡಿದಾದ ಇಳಿಜಾರನ್ನು ಮಾತ್ರ ಹತ್ತುವ ಸಾಹಸ ಬೇಡ, ಅಲ್ಲಿ ದಾರಿಯಿಲ್ಲ. 2025ರ ಜನವರಿಯ ಈಟನ್ ಕಾಡ್ಗಿಚ್ಚು ಆಲ್ಟಡೀನಾವನ್ನೂ ಈ ಬೆಟ್ಟದ ಮೈಯನ್ನೂ ಸುಟ್ಟ ಮೇಲೆ ಕಾಲುದಾರಿಗಳನ್ನು ಮುಚ್ಚಿದ್ದರು. ಹೊರಡುವ ಮುನ್ನ ಏಂಜಲೀಸ್ ರಾಷ್ಟ್ರೀಯ ಅರಣ್ಯದ ಕಚೇರಿಯಲ್ಲಿ ಯಾವ ದಾರಿ ತೆರೆದಿದೆ ಎಂದು ಕೇಳಿಕೊಳ್ಳಿ.