ಔಷಧಗಳ ಪರಸ್ಪರ ಪರಿಣಾಮ: ನರದ ಗುಳಿಗೆಯೂ ಬಿಪಿ ಗುಳಿಗೆಯೂ ಕೂಡಿದಾಗ

ಒಬ್ಬರೇ ತೆಗೆದುಕೊಳ್ಳುವ ಎರಡು ಔಷಧಗಳಲ್ಲಿ ಒಂದು ಇನ್ನೊಂದರ ಕೆಲಸವನ್ನು ಹೆಚ್ಚಿಸಬಹುದು, ತಗ್ಗಿಸಬಹುದು. ಎರಡರ ಅಡ್ಡಪರಿಣಾಮಗಳೂ ಕೂಡಿಕೊಂಡು ದೊಡ್ಡದಾಗಬಹುದು. ಇದನ್ನೇ ಔಷಧಗಳ ಪರಸ್ಪರ ಪರಿಣಾಮ ಎನ್ನುತ್ತಾರೆ. ಡಾಕ್ಟರುಗಳ ಬಾಯಲ್ಲಿ ಡ್ರಗ್ ಇಂಟರಾಕ್ಷನ್. ಎರಡೂ ಗುಳಿಗೆ ಸರಿಯಾದವೇ, ಡೋಸೂ ಸರಿಯೇ ಇದ್ದಾಗಲೂ ಇದು ಆಗುತ್ತದೆ.

ಕಲಬುರಗಿ ಸೀಮೆಯ ಹಳ್ಳಿಯ ಆಯಿಯೊಬ್ಬಳ ಗುಳಿಗೆ ಚೀಲ ಬಿಚ್ಚಿ ನೋಡಿ. ಬಿಪಿ ಗುಳಿಗೆ ಊರ ಆರೋಗ್ಯ ಕೇಂದ್ರದ್ದು. ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿ, ರಾತ್ರಿಯೆಲ್ಲ ಜುಮುಜುಮು ಅಂತ ಬರೆಸಿಕೊಂಡ ನರದ ಗುಳಿಗೆ ಪಟ್ಟಣದ ಡಾಕ್ಟರದ್ದು. ಇವರ ಚೀಟಿ ಅವರು ನೋಡಿಲ್ಲ, ಅವರದ್ದು ಇವರು ನೋಡಿಲ್ಲ. ಕೆಲವು ದಿನಕ್ಕೆ ಆಯಿ, "ಎದ್ದ ನಿಂತ್ರ ಚಕ್ಕರ್ ಬರ್ತಾವ್ ನೋಡಪಾ" ಅಂತಾಳೆ. ವಯಸ್ಸಾಯ್ತಲ್ಲ ಅಂತ ಮನೆಯವರು ಸುಮ್ಮನಾಗುತ್ತಾರೆ.

ಆ ಚಕ್ಕರ್‌ಗೆ ಲೆಕ್ಕವಿದೆ. ನಾವು ಎದ್ದು ನಿಂತೊಡನೆ ರಕ್ತ ಕಾಲಿನ ಕಡೆ ಜಾರುತ್ತದೆ. ರಕ್ತನಾಳಗಳು ಬಿಗಿದುಕೊಂಡು ಮಿದುಳಿಗೆ ಒತ್ತಡ ಕಾಯ್ದುಕೊಡುತ್ತವೆ. ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್ ಗುಳಿಗೆಗಳು ಆ ಬಿಗಿತವನ್ನು ಸಡಿಲಿಸುತ್ತವೆ. ಬಿಪಿಯ ಅಮ್ಲೋಡಿಪಿನ್ ನಾಳಗಳನ್ನು ಹಿಗ್ಗಿಸುತ್ತದೆ, ಮೂತ್ರ ಹೆಚ್ಚಿಸುವ ಗುಳಿಗೆ ಮೈಯ ನೀರನ್ನು ಕಡಿಮೆ ಮಾಡುತ್ತದೆ. ಹಳೆಯ ಸಕ್ಕರೆ ಕಾಯಿಲೆ ನಾಳ ಬಿಗಿಸುವ ನರಗಳನ್ನೇ ಕೆಡಿಸಿದ್ದರೆ ಇನ್ನೂ ಕಷ್ಟ. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರು ಅದನ್ನು ನಿಂತಾಗಿನ ಬಿಪಿ ಕುಸಿತ ಎಂದು ಗುರುತಿಸುತ್ತಾರೆ. ಕುರ್ಚಿಯಲ್ಲಿ ಕೂಡಿಸಿ ಒಮ್ಮೆ ನೋಡಿ, "ಬಿಪಿ ಛಲೋ ಐತಿ" ಅಂದರೆ ಇದು ಸಿಕ್ಕುವುದೇ ಇಲ್ಲ. ಐದು ನಿಮಿಷ ಮಲಗಿಸಿ ಒಮ್ಮೆ, ನಿಲ್ಲಿಸಿ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಒಮ್ಮೊಮ್ಮೆ ನೋಡಬೇಕು. ನಮ್ಮ ಆಸ್ಪತ್ರೆಗಳ ಗದ್ದಲದಲ್ಲಿ ಯಾರೂ ತಾವಾಗಿ ಮಾಡುವುದಿಲ್ಲ, ಕೇಳಿ ಮಾಡಿಸಿಕೊಳ್ಳಬೇಕು.

ನಮ್ಮ ಬಿಸಿಲಿಗೆ ಇದು ಇನ್ನೂ ಜೋರು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನೇ ಬೆಳಗಿನ 8ಕ್ಕೆ ತೆರೆಯುವಷ್ಟು ಬಿಸಿಲು. ಬೆವರಿ ಬತ್ತಿದ ಮೈಗೆ ಚಳಿಗಾಲದ ಬಿಪಿ ಡೋಸ್ ಹೆಚ್ಚಾಗಿಬಿಡಬಹುದು.

ಎರಡನೆಯ ತೊಂದರೆ ಕಾಲು ಬಾವು. ನರನೋವಿನ ಪ್ರೆಗಾಬಲಿನ್, ಗ್ಯಾಬಪೆಂಟಿನ್ ಗುಳಿಗೆಗಳು ಪಾದ ಊದಿಸಬಲ್ಲವು, ಅಮ್ಲೋಡಿಪಿನ್ ಕೂಡ. ಎರಡೂ ಸೇರಿದರೆ ಸಂಜೆ ಹೊತ್ತಿಗೆ ಕಾಲುಂಗುರ ಮಾಂಸದೊಳಗೆ ಹೂತುಹೋಗುತ್ತದೆ. ಬಾವು ಕಂಡು ಇನ್ನೊಬ್ಬರು ಮೂತ್ರದ ಗುಳಿಗೆ ಸೇರಿಸುತ್ತಾರೆ. ಅದು ಹೈಡ್ರೋಕ್ಲೋರೋಥಯಜೈಡ್ ಜಾತಿಯದಾದರೆ ರಕ್ತದ ಸೋಡಿಯಂ ಇಳಿಯಬಹುದು. ನರನೋವಿನ ಡುಲಾಕ್ಸೆಟಿನ್, ಕಾರ್ಬಮಜೆಪಿನ್ ಗುಳಿಗೆಗಳೂ ಅದನ್ನೇ ಮಾಡಬಲ್ಲವು. ವಯಸ್ಸಾದ ಹೆಂಗಸರಲ್ಲಿ ಈ ತೊಂದರೆ ಹೆಚ್ಚು. ಸುಸ್ತು, ವಾಕರಿಕೆ, ಮಾತು ತಪ್ಪುವುದು ಶುರುವಾದರೆ ಮನೆಯವರು "ಅರಳುಮರಳು" ಅಂತಾರೆ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವ ಸಂಗತಿ ಇದು. ಒಂದು ಗುಳಿಗೆಯ ಅಡ್ಡಪರಿಣಾಮಕ್ಕೆ ಇನ್ನೊಂದು ಗುಳಿಗೆ, ಅದಕ್ಕೆ ಮತ್ತೊಂದು: ಇಡೀ ವಿಷಯದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಈ ಸರಪಳಿಯೇ.

ಲಿವರ್‌ನಲ್ಲಿ ನಡೆಯುವ ಜಗಳವೂ ಇದೆ. ಡುಲಾಕ್ಸೆಟಿನ್ ಬಿಪಿಯ ಮೆಟೋಪ್ರೊಲಾಲ್ ಅಲ್ಲಿ ಒಡೆದು ಖಾಲಿಯಾಗುವುದನ್ನು ತಗ್ಗಿಸುತ್ತದೆ, ಅದು ಮೈಯಲ್ಲಿ ಹೆಚ್ಚಾಗಿ ನಾಡಿ ತೀರ ನಿಧಾನವಾಗಬಹುದು. ಕಾರ್ಬಮಜೆಪಿನ್ ತದ್ವಿರುದ್ಧ, ಅಮ್ಲೋಡಿಪಿನ್ ಬೇಗ ಖಾಲಿಯಾಗಿ ಬಿಪಿ ಏರಬಹುದು.

ಹೆಂಗಸರ ಮಾತು ಬೇರೆಯಾಗಿ ಯಾಕೆ? ಮುಟ್ಟು ನಿಂತ ಮೇಲೆ ಎಲುಬು ಸವೆದಿರುತ್ತದೆ, ನಸುಕಿನಲ್ಲಿ ಬಚ್ಚಲಿಗೆ ಎದ್ದು ಬಿದ್ದರೆ ಸೊಂಟದ ಎಲುಬೇ ಮುರಿಯಬಹುದು. ಪ್ರೆಗಾಬಲಿನ್ ಮೈಯಿಂದ ಹೊರಹೋಗುವುದು ಹೆಚ್ಚುಕಡಿಮೆ ಪೂರ್ತಿ ಕಿಡ್ನಿಯಿಂದಲೇ. ಸಣಕಲು ಮೈಯ ಮುದುಕಿಯಲ್ಲಿ ಸ್ನಾಯು ಕಡಿಮೆ, ಹಾಗಾಗಿ ಕಿಡ್ನಿ ಸೋತಿದ್ದರೂ ಕಿಡ್ನಿಯ ಕೆಲಸ ನೋಡುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ನಾರ್ಮಲ್ ತೋರಿಸಬಹುದು, ಗುಳಿಗೆ ಮಾತ್ರ ಮೈಯಲ್ಲೇ ಉಳಿದುಬಿಡುತ್ತದೆ. ಮೊಣಕಾಲು ನೋವಿಗೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫಿನಾಕ್ ಬಿಪಿ ಏರಿಸಬಹುದು. ಅದು ಬಿಪಿಯ ಟೆಲ್ಮಿಸಾರ್ಟನ್ ಮತ್ತು ಮೂತ್ರದ ಗುಳಿಗೆ ಜೊತೆ ಸೇರಿದರೆ ಕಿಡ್ನಿಗೂ ಹೊಡೆತ ಬೀಳಬಹುದು.

ಸ್ಟ್ರಿಪ್ ಮೇಲಿನ ಹೆಸರಿನ ಕೊನೆಯ ಅಕ್ಷರ ಓದಿ. ಬಿಪಿ ಗುಳಿಗೆಯಲ್ಲಿ ‘ಎಎಮ್’ ಇದ್ದರೆ ಸಾಮಾನ್ಯವಾಗಿ ಅಮ್ಲೋಡಿಪಿನ್ ಸೇರಿದೆ, ‘ಎಚ್’ ಇದ್ದರೆ ಹೈಡ್ರೋಕ್ಲೋರೋಥಯಜೈಡ್. ನರದ ಗುಳಿಗೆಯಲ್ಲಿ ‘ಎನ್‌ಟಿ’ ಅಂದರೆ ನಾರ್ಟ್ರಿಪ್ಟಿಲಿನ್. ಒಂದೇ ಗುಳಿಗೆ ಅಂದುಕೊಂಡದ್ದು ಎರಡಿರುತ್ತದೆ. ಚೀಲವನ್ನೇ ಒಯ್ದು ಒಬ್ಬ ಡಾಕ್ಟರ ಮುಂದೆ ಸುರಿಯಿರಿ. ಚಕ್ಕರ್ ಬರುತ್ತದೆ ಅಂತ ಮನೆಯಲ್ಲೇ ಗುಳಿಗೆ ನಿಲ್ಲಿಸಬೇಡಿ: ಅಟೆನೊಲಾಲ್, ಮೆಟೋಪ್ರೊಲಾಲ್, ಕ್ಲೋನಿಡಿನ್ ಥಟ್ಟನೆ ಬಿಟ್ಟರೆ ಬಿಪಿ ಜಿಗಿಯಬಹುದು, ಪ್ರೆಗಾಬಲಿನ್ ಥಟ್ಟನೆ ಬಿಟ್ಟರೆ ನಿದ್ದೆಗೆಟ್ಟು ಮೈ ಬೆವರಬಹುದು. ಇವನ್ನು ಡಾಕ್ಟರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು.