ಶ್ರದ್ಧೆ, ಕ್ರೇಡೊ, ನಂಬಿಗಿ: ಒಂದು ಶಬ್ದದ ಬೇರು ಹುಡುಕುತ್ತ

ಬೆಳಗಾವಿಯ ಯಾವ ಓಣಿ ಹೊಕ್ಕರೂ ಒಂದಾದರೂ ‘ಕ್ರೆಡಿಟ್ ಸೌಹಾರ್ದ ಸಹಕಾರಿ’ಯ ಬೋರ್ಡು ಕಣ್ಣಿಗೆ ಬೀಳುತ್ತದೆ. ಹೋದ ತಿಂಗಳು ಅಂಥದೊಂದರಲ್ಲಿ ಪಾಳಿ ಹಚ್ಚಿ ನಿಂತಿದ್ದೆ. ಮುಂದಿದ್ದ ಅಜ್ಜಿ ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆ ಬಿದ್ದ ನೋಟುಗಳನ್ನು ಅಂಗೈಯಿಂದ ತಿಕ್ಕಿ ನೆಟ್ಟಗೆ ಮಾಡಿ ಒಂದೊಂದಾಗಿ ಇಟ್ಟಳು. ರಸೀದಿ ಕೈಗೆ ಬಂದ ಮೇಲೂ ಸರಿಯಲಿಲ್ಲ. “ನಿಮ್ಮನ್ನ ನಂಬಿ ಇಡಾಕತ್ತೀನ್ರಿ ಸಾಹೇಬ್ರ” ಅಂದಳು. ಒಳಗಿನ ಹುಡುಗ ತಲೆ ಎತ್ತಿ, “ಚಿಂತಿ ಮಾಡಬ್ಯಾಡ ಆಯಿ” ಅಂದ ಮೇಲೆಯೇ ಆಕೆ ಹೊರಬಿದ್ದದ್ದು.

ಆ ಮಾತು ಕೇಳಿದಾಗಿನಿಂದ ತಲೆಯಲ್ಲಿ ಒಂದು ಶಬ್ದ ಕೂತಿದೆ. ಹೊರಗಿನ ಬೋರ್ಡಿನ ಮೇಲಿರುವ ‘ಕ್ರೆಡಿಟ್’ ಬಂದದ್ದು ಲ್ಯಾಟಿನ್ನಿನ ‘ಕ್ರೇಡೊ’ ಕುಲದಿಂದ. ಕ್ರೇಡೊ ಅಂದರೆ ‘ನಾನು ನಂಬುತ್ತೇನೆ’. ಕ್ರೈಸ್ತರು ಪೂಜೆಯಲ್ಲಿ ಎದ್ದು ನಿಂತು ಒಟ್ಟಾಗಿ ಹೇಳುವ ನಂಬಿಕೆಯ ಘೋಷಣೆಗೆ ಇಂಗ್ಲಿಷಿನಲ್ಲಿ ‘ಕ್ರೀಡ್’ ಎಂಬ ಹೆಸರು ಬಂದದ್ದೂ ಇದೇ ಶಬ್ದದಿಂದ. ಘೋಷಣೆಯ ಲ್ಯಾಟಿನ್ ಪಾಠ ಶುರುವಾಗುವುದೇ ಕ್ರೇಡೊ ಎಂದು. ಮೊದಲ ಶಬ್ದವೇ ಇಡೀ ಪಾಠಕ್ಕೆ ಹೆಸರಾಯಿತು.

ಮೊದಮೊದಲು ಅದು ಪಾಠವೇ ಆಗಿರಲಿಲ್ಲ, ನೀರಿನಲ್ಲಿ ನಿಂತು ಕೊಡುವ ಉತ್ತರವಾಗಿತ್ತು. ಆರಂಭದ ಶತಮಾನಗಳಲ್ಲಿ ದೀಕ್ಷಾಸ್ನಾನಕ್ಕೆ ಬಂದವನನ್ನು ನೀರಿಗಿಳಿಸಿ ಮೂರು ಪ್ರಶ್ನೆ ಕೇಳುತ್ತಿದ್ದರು. ತಂದೆಯನ್ನು ನಂಬುತ್ತೀಯಾ? ಮಗನನ್ನು ನಂಬುತ್ತೀಯಾ? ಪವಿತ್ರಾತ್ಮನನ್ನು ನಂಬುತ್ತೀಯಾ? ಪ್ರತಿ ಸಲವೂ ‘ಕ್ರೇಡೊ’, ಪ್ರತಿ ಸಲವೂ ಒಂದು ಮುಳುಗು. ಮುಂದೆ ಈ ಪ್ರಶ್ನೋತ್ತರವೇ ಬೆಳೆದು ನಿರರ್ಗಳವಾಗಿ ಒಪ್ಪಿಸುವ ಪಾಠವಾಯಿತು. ಅದನ್ನು ಬರೆದಿಟ್ಟುಕೊಳ್ಳಬೇಡಿ, ಬಾಯಿಪಾಠ ಮಾಡಿ ಎಂದು ನಾಲ್ಕನೆಯ, ಐದನೆಯ ಶತಮಾನದ ಗುರುಗಳು ಹೇಳಿಕೊಡುತ್ತಿದ್ದರು. ಆಗ ಅದಕ್ಕಿದ್ದ ಹೆಸರು ‘ಸಿಂಬೊಲುಮ್’, ಗ್ರೀಕಿನ ‘ಸಿಂಬೊಲೊನ್’. ಇಬ್ಬರು ಒಪ್ಪಂದ ಮಾಡಿಕೊಂಡಾಗ ಒಂದು ಬಿಲ್ಲೆಯನ್ನೋ ಎಲುಬಿನ ತುಂಡನ್ನೋ ಮುರಿದು ಅರ್ಧರ್ಧ ಇಟ್ಟುಕೊಳ್ಳುವರು, ಮುಂದೆಂದೋ ಎರಡನ್ನೂ ಕೂಡಿಸಿ ನೋಡಿ ಇವನು ನಮ್ಮವನೇ ಎಂದು ಗುರುತು ಹಿಡಿಯುವರು. ಆ ತುಂಡಿನ ಹೆಸರು ಅದು. ನಮ್ಮ ‘ಕುರುಹು’ ಎಂಬ ಮಾತು ಅದಕ್ಕೆ ಹತ್ತಿರ.

ಇದು ರಾಜಕಾರಣದ ಸಂಗತಿಯಾದದ್ದು 325ರಲ್ಲಿ. ಅಲೆಕ್ಸಾಂಡ್ರಿಯದ ಏರಿಯಸ್ ಎಂಬ ಪಾದ್ರಿ, ಮಗನಾದ ಯೇಸುವೂ ಸೃಷ್ಟಿಯಾದವನೇ, ತಂದೆಗೆ ಸರಿಸಮನಲ್ಲ ಎಂದು ಬೋಧಿಸುತ್ತಿದ್ದ. ಜಗಳ ಊರೂರಿಗೆ ಹಬ್ಬಿತು. ಚಕ್ರವರ್ತಿ ಕಾನ್‌ಸ್ಟಂಟೈನ್ ಈಗಿನ ಟರ್ಕಿಯಲ್ಲಿರುವ ನೈಸಿಯಾದಲ್ಲಿ ಬಿಷಪರನ್ನು ಸೇರಿಸಿದ. ಮಗ ತಂದೆಯೊಂದಿಗೆ ‘ಏಕಸತ್ವ’ದವನು ಎಂಬ ಮಾತು ಅಲ್ಲಿ ಹೊಕ್ಕಿತು. ಒಪ್ಪದವರಿಗೆ ಗಡೀಪಾರಾಯಿತು. ಇಂದು ಚರ್ಚುಗಳಲ್ಲಿ ಹೇಳುವ ದೊಡ್ಡ ಪಾಠ 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೆಸರಿನಲ್ಲಿ ಬಂದದ್ದು. ನೈಸಿಯಾದ ಗ್ರೀಕ್ ಪಾಠ ‘ನಾವು ನಂಬುತ್ತೇವೆ’ ಎಂದು ಬಹುವಚನದಲ್ಲಿದೆ, ಪೂಜೆಯಲ್ಲಿ ಬಳಸುವ ಪಾಠ ‘ನಾನು ನಂಬುತ್ತೇನೆ’ ಎನ್ನುತ್ತದೆ. ಸಭೆ ಕೂಡಿ ತೀರ್ಮಾನ ಮಾಡಬಹುದು, ನೀರಿಗಿಳಿದವನು ಮಾತ್ರ ತನ್ನ ಪರವಾಗಿ ತಾನೇ ಉತ್ತರ ಕೊಡಬೇಕು.

ಈ ಕ್ರೇಡೊಗೂ ನಮಗೂ ಇರುವ ನಂಟು ನನಗೆ ತಿಳಿದದ್ದು ತಡವಾಗಿ. ತಿಳಿದ ದಿನ ನಿದ್ದೆ ಹತ್ತಲಿಲ್ಲ. ಕ್ರೇಡೊ ಮತ್ತು ಸಂಸ್ಕೃತದ ‘ಶ್ರದ್ಧಾ’ ಒಂದೇ ತಾಯಿಬೇರಿನವು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಶ್ರತ್ ಮತ್ತು ಧಾ ಸೇರಿ ಶ್ರದ್ಧಾ. ಧಾ ಅಂದರೆ ಇಡು. ‘ನಿಧಿ’ಯಲ್ಲಿರುವುದೂ ಅದೇ ಧಾತು. ಶ್ರತ್ ಅಂದರೆ ಎದೆ, ಹೃದಯ. ಲ್ಯಾಟಿನ್ನಿನ ‘ಕೋರ್’, ಗ್ರೀಕಿನ ‘ಕಾರ್ಡಿಯಾ’ ಅದರ ಒಡಹುಟ್ಟುಗಳು. ಆಸ್ಪತ್ರೆಯ ಬಾಗಿಲ ಮೇಲಿನ ‘ಕಾರ್ಡಿಯಾಲಜಿ’ ನೆನೆದರೆ ಸಾಕು. ಕೂಡಿಸಿದರೆ: ಎದೆ ಇಡುವುದು. ಶ್ರತ್ ನಿಜಕ್ಕೂ ಎದೆಯೇ ಹೌದೋ ಎಂದು ತಕರಾರು ತೆಗೆದ ವಿದ್ವಾಂಸರೂ ಇದ್ದಾರೆ. ಆದರೆ ಋಗ್ವೇದದ ಹತ್ತನೆಯ ಮಂಡಲದ ಶ್ರದ್ಧಾಸೂಕ್ತವೇ ಶ್ರದ್ಧೆಯನ್ನು ಹೃದಯದ ಸಂಕಲ್ಪದ ಜೊತೆ ಹೇಳುತ್ತದೆ. ನನಗೆ ಅದು ದೊಡ್ಡ ಸಾಕ್ಷಿ. ಎರಡನೆಯ ಮಂಡಲದಲ್ಲಿ ಇಂದ್ರನ ಬಗ್ಗೆ ಜನ ‘ಎಲ್ಲಿದ್ದಾನೆ ಅವನು?’ ಎಂದು ಕೇಳುತ್ತಾರೆ, ‘ಅವನಿಲ್ಲ’ ಎಂದೂ ಅನ್ನುತ್ತಾರೆ. ಆಗ ಋಷಿ ಹೇಳುವ ಮಾತು ‘ಶ್ರದ್ ಅಸ್ಮೈ ಧತ್ತ’. ಶ್ರತ್ ಬೇರೆ, ಧಾ ಬೇರೆ, ನಡುವೆ ‘ಅವನಲ್ಲಿ’. ಆ ಶಬ್ದ ಇನ್ನೂ ಗಟ್ಟಿಯಾಗಿ ಬೆಸುಗೆಯಾಗದ ಕಾಲದ ಗುರುತು ಅದು.

ಕನ್ನಡಕ್ಕೆ ಬಂದ ಮೇಲೆ ಶ್ರದ್ಧೆ ಬೇರೆ ದಾರಿ ಹಿಡಿಯಿತು. ‘ಶ್ರದ್ಧೆಯಿಂದ ಓದು’ ಎಂದು ಮಾಸ್ತರು ಹೇಳಿದರೆ ಲಕ್ಷ್ಯಕೊಟ್ಟು ಓದು ಅಂತ ಅರ್ಥ. ಹಿರಿಯರಿಗೆ ಇಡುವ ಎಡೆ ‘ಶ್ರಾದ್ಧ’ವಾಯಿತು. ಎದೆ ಇಡುವ ಕೆಲಸವನ್ನು ದ್ರಾವಿಡ ಮೂಲದ ‘ನಂಬು’ ವಹಿಸಿಕೊಂಡಿತು. ಅದು ತಮಿಳಿನಲ್ಲೂ ನಂಬುವೇ. ‘ವಿಶ್ವಾಸ’ ಸಂಸ್ಕೃತದ್ದು, ಅದರೊಳಗಿರುವುದು ಉಸಿರು: ಅಳುಕಿಲ್ಲದೆ ಉಸಿರು ಬಿಡುವುದು. ಕ್ರೀಡಿಗೆ ಕನ್ನಡದಲ್ಲಿ ‘ವಿಶ್ವಾಸಪ್ರಮಾಣ’ ಎನ್ನುವುದುಂಟು. ಪ್ರಮಾಣ ಅಂದರೆ ಅಳತೆ, ಆಧಾರ, ಆಣೆ. ಒಂದೇ ಶಬ್ದ ಕೋರ್ಟಿನಲ್ಲೂ ತರ್ಕಶಾಸ್ತ್ರದಲ್ಲೂ ದುಡಿಯುತ್ತದೆ. ಅನುವಾದ ಮಾಡಿದವರು ಯಾರೇ ಇರಲಿ, ಸಾಮಾನ್ಯರಲ್ಲ.

ಸಂತ ಅಗಸ್ಟೀನನು ಲ್ಯಾಟಿನ್ನಿನಲ್ಲಿ ಮೂರು ನಂಬುಗೆ ಬೇರ್ಪಡಿಸಿದ್ದ: ದೇವರ ಮಾತು ನಂಬುವುದು, ದೇವರಿದ್ದಾನೆಂದು ನಂಬುವುದು, ದೇವರನ್ನೇ ನಂಬಿ ಅವನ ಕಡೆಗೆ ನಡೆಯುವುದು. ಲ್ಯಾಟಿನ್ನಿಗೆ ವ್ಯಾಕರಣದ ಕಸರತ್ತು ಬೇಕಾದ ಈ ಭೇದ ನಮ್ಮ ಕಡೆಯ ಮಾತಿನಲ್ಲಿ ಸಲೀಸು. ‘ನೀ ಅದೀ ಅಂತ ನಂಬೀನಿ’ ಎಂದು ಯಾರೂ ಅನ್ನುವುದಿಲ್ಲ, ‘ನಿನ್ನ ನಂಬೀನಿ’ ಅನ್ನುತ್ತಾರೆ. ವಿಜಯಪುರ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ‘ನಂಬಿ ಕರೆದಡೆ ಓ ಎನ್ನನೆ ಶಿವನು’ ಎಂದಾಗ ಇದ್ದದ್ದೂ ಇದೇ ನಂಬು. ಕರೆಯುವವನೊಬ್ಬ, ಓ ಎನ್ನುವವನೊಬ್ಬ.

ಹಾಗೆಂದು ಪಟ್ಟಿ ಹಾಕಿ ನಂಬುವುದು ಪರದೇಶದ್ದು ಎಂದರೆ ತಪ್ಪಾಗುತ್ತದೆ. ಬೆಳಗಾವಿ ಕೋಟೆಯ ಕಮಲ ಬಸದಿಗೆ ಹೋಗುವ ಶ್ರಾವಕರಿಗೆ ಜೈನರ ಮೂಲಗ್ರಂಥವಾದ ತತ್ತ್ವಾರ್ಥಸೂತ್ರದ ‘ತತ್ತ್ವಾರ್ಥಶ್ರದ್ಧಾನಂ ಸಮ್ಯಗ್ದರ್ಶನಂ’ ಹೊಸದಲ್ಲ. ಅಲ್ಲಿ ಶ್ರದ್ಧೆ ಇಡುವುದು ತತ್ತ್ವಗಳಲ್ಲಿ, ಆ ತತ್ತ್ವಗಳು ಏಳು, ಹೆಸರಿಸಿ ಎಣಿಸಿದವು. ಆದರೂ ಅದನ್ನು ಕರೆದದ್ದು ‘ದರ್ಶನ’, ನೋಟ ಎಂದು.

ವಿಜಯಪುರದವರು ‘ಕಲ್ಮಾ’ ಎನ್ನುವ ಅರಬ್ಬಿ ಶಬ್ದಕ್ಕೂ ‘ಮಾತು’ ಎಂದೇ ಅರ್ಥ, ‘ವಚನ’ದ ಹಾಗೆ. ಮುಸ್ಲಿಮರ ನಂಬಿಕೆಯ ಘೋಷಣೆಯಾದ ಶಹಾದಾ ಶುರುವಾಗುವುದು ‘ಸಾಕ್ಷಿ ಹೇಳುತ್ತೇನೆ’ ಎಂದು. ಸಿದ್ಧಾಂತಗಳ ಒಟ್ಟು ರೂಪಕ್ಕಿರುವ ಹೆಸರು ಅಕೀದಾ. ಅದರ ಧಾತುವಿನಲ್ಲಿರುವುದು ಗಂಟು ಹಾಕುವುದು. ಅದೂ ಸಿಂಹಾಸನದ ನೆರಳಿಗೆ ಬಿತ್ತು. ವಿಜಯಪುರದ ಸುಲ್ತಾನ ಯೂಸುಫ್ ಆದಿಲ್ ಶಾಹ ಹದಿನಾರನೆಯ ಶತಮಾನದ ಆರಂಭದಲ್ಲಿ ಖುತ್ಬಾವನ್ನು, ಅಂದರೆ ಮಸೀದಿಯ ಶುಕ್ರವಾರದ ಪ್ರವಚನವನ್ನು, ಶಿಯಾ ರೀತಿಯಲ್ಲಿ ಓದಿಸಿದ. 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಇಬ್ರಾಹಿಂ ಸುನ್ನಿಗೆ ತಿರುಗಿಸಿದ. 1558ರಲ್ಲಿ ಬಂದ ಮೊದಲನೆಯ ಅಲಿ ಮತ್ತೆ ಶಿಯಾಕ್ಕೆ, ಎರಡನೆಯ ಇಬ್ರಾಹಿಂನ ಕಾಲಕ್ಕೆ ಮತ್ತೆ ಸುನ್ನಿಗೆ. ನೈಸಿಯಾದಲ್ಲಿ ನಡೆದದ್ದು ಇಲ್ಲೂ ನಡೆಯಿತು: ಮಂದಿ ಎದೆಯೊಳಗಿನ ಮಾತನ್ನು ಅರಮನೆ ತಿದ್ದಲು ಹೊರಟಿತು. ಆ ನಾಲ್ಕು ಬದಲಾವಣೆಗಳ ನಡುವೆ ಗೋಡೆಯಾಚೆ ಕೂತ ನೇಕಾರನೋ ತೋಟಗಾರನೋ ಏನು ಮಾಡಿದ್ದಾನು ಎಂದು ನನಗೆ ಪದೇ ಪದೇ ಅನ್ನಿಸುತ್ತದೆ. ಖುತ್ಬಾದಲ್ಲಿ ಹೆಸರು ಬದಲಾದರೂ ಅವನ ನಾಲಗೆಯ ಮೇಲಿನ ಶಹಾದಾ ‘ಸಾಕ್ಷಿ ಹೇಳುತ್ತೇನೆ’ ಎಂದೇ ಶುರುವಾಗುತ್ತಿತ್ತು.

ಮನೆಯ ಹತ್ತಿರದ ಸರಕಾರಿ ಶಾಲೆಯಲ್ಲಿ ಈಗ ಬೆಳಿಗ್ಗೆ ಸಂವಿಧಾನದ ಪೀಠಿಕೆ ಓದಿಸುತ್ತಾರೆ. ‘ಭಾರತದ ಪ್ರಜೆಗಳಾದ ನಾವು’ ಎಂದು ಬಹುವಚನದಲ್ಲೇ ಶುರು. ಸ್ವಾತಂತ್ರ್ಯದ ಸಾಲಿಗೆ ಬಂದಾಗ ವಿಶ್ವಾಸ, ಧರ್ಮಶ್ರದ್ಧೆ ಎರಡೂ ಒಂದರ ಬೆನ್ನಿಗೊಂದು ಬರುತ್ತವೆ. ಮೊನ್ನೆ ಮೂರನೆತ್ತೆಯ ಹುಡುಗಿಯೊಬ್ಬಳು ಧರ್ಮಶ್ರದ್ಧೆ ಎಂಬಲ್ಲಿ ತೊಡರಿ, ‘ಧರ್ಮ... ಧರ್ಮಸರದಿ’ ಅಂದಳು. ಪಕ್ಕದವಳು ಮೆಲ್ಲಗೆ ಹೇಳಿಕೊಟ್ಟಳು. ಹುಡುಗಿ ಕಣ್ಣು ಮುಚ್ಚಿ, ಕೈ ಎದೆಯ ಮೇಲಿಟ್ಟುಕೊಂಡು, ಮತ್ತೊಮ್ಮೆ ಬಿಡಿಸಿ ಹೇಳಿದಳು.